ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಯಾವ ದಾರಿ, ಎಷ್ಟು ಹೊತ್ತು

ಮಗಳ ಬಾಣಂತನಕ್ಕೆಂದು ಫ್ರೀಮಾಂಟ್‌ಗೆ ಹೊರಟ ತಾಯಿ, ಎರಡು ವಾರದ ಕಚೇರಿ ಕೆಲಸಕ್ಕೆ ಸನಿವೇಲ್‌ಗೆ ಹೋಗುವ ಎಂಜಿನಿಯರ್, ಮೊದಲ ಬಾರಿ ವಿಮಾನ ಹತ್ತಿ ಸ್ಯಾನ್ ಹೋಸೆಗೆ ಓದಲು ಹೋಗುವ ವಿದ್ಯಾರ್ಥಿ: ಈ ಮೂವರೂ ಹೊರಡುವುದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ, ಇಳಿಯುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆದರೂ ಒಬ್ಬರಿಗೆ ಒಪ್ಪುವ ಟಿಕೆಟ್ ಇನ್ನೊಬ್ಬರಿಗೆ ಒಪ್ಪುವುದಿಲ್ಲ. ದುಬೈ ಮೇಲೆ ಹೋಗಲೋ, ಫ್ರಾಂಕ್‌ಫರ್ಟ್ ಮೇಲೆ ಹೋಗಲೋ, ಟೋಕಿಯೋ ದಾರಿ ಸುತ್ತಾಗುವುದಿಲ್ಲವೇ, ನೇರ ವಿಮಾನಕ್ಕೆ ಅಷ್ಟು ಹಣ ಕೊಡುವುದು ಸರಿಯೇ ಎಂದು ಬಂಧುಗಳೂ ಸ್ನೇಹಿತರೂ ಮತ್ತೆ ಮತ್ತೆ ಕೇಳುವುದರಿಂದ, ಈ ಒಂದು ಪ್ರಯಾಣವನ್ನೇ ಹಿಡಿದು ಎಲ್ಲ ದಾರಿಗಳನ್ನೂ ಒಂದೇ ಅಳತೆಗೋಲಿನಲ್ಲಿ ತೂಗಿ ನೋಡಿದ್ದೇನೆ.

ಮೊದಲು ದೂರದ ಮಾತು. ಭೂಗೋಳದ ಗೋಳವೊಂದನ್ನು ಮುಂದಿಟ್ಟುಕೊಂಡು ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದರೆ, ಆ ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಅದು ಬಹುಮಟ್ಟಿಗೆ ಉತ್ತರಕ್ಕೇ ಏರಿ ನೇಪಾಳ, ಟಿಬೆಟ್, ಮಂಗೋಲಿಯಾಗಳನ್ನು ದಾಟಿ, ಪೂರ್ವ ಸೈಬೀರಿಯಾದ ಆಚೆ ಆರ್ಕ್‌ಟಿಕ್ ಸಮುದ್ರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರ್. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯನ್ನು ನೋಡಿ ದಾರಿ ಅಳೆಯುವವರು ತಪ್ಪುವುದು ಇಲ್ಲಿಯೇ. ನಕ್ಷೆಯಲ್ಲಿ ಬಹಳ ಸುತ್ತು ಎನಿಸುವ ಟೋಕಿಯೋ ದಾರಿಯ ಒಟ್ಟು ಉದ್ದ ಸುಮಾರು 14,900 ಕಿಲೋಮೀಟರ್; ಹತ್ತಿರವೆನಿಸುವ ದುಬೈ ದಾರಿಯದು ಸುಮಾರು 15,700. ಹಾಂಗ್‌ಕಾಂಗ್ ಮೇಲೆ ಹೋದರೆ 15,100, ಫ್ರಾಂಕ್‌ಫರ್ಟ್ ಮೇಲೆ 16,550, ಲಂಡನ್ ಮೇಲೆ 16,650, ಸಿಂಗಪುರದ ಮೇಲೆ 16,750 ಕಿಲೋಮೀಟರ್ ಆಗುತ್ತದೆ. ಎಲ್ಲಕ್ಕಿಂತ ಕುತೂಹಲದ ಸಂಗತಿಯೆಂದರೆ ದೆಹಲಿಯಲ್ಲಿ ವಿಮಾನ ಬದಲಿಸಿದರೆ ದೂರ ಹೆಚ್ಚುವುದು ಕೇವಲ ನೂರು ಕಿಲೋಮೀಟರಿನಷ್ಟು, ಏಕೆಂದರೆ ದೆಹಲಿ ಆ ದಾರದ ಪಕ್ಕದಲ್ಲೇ ಇದೆ.

ಆದರೆ ಇವೆಲ್ಲ ದಾರದ ಲೆಕ್ಕ. ವಿಮಾನಗಳು ದಾರದ ಮೇಲೆ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಉಸಿರಾಡಬಹುದಾದ ಎತ್ತರಕ್ಕೆ ತಕ್ಷಣ ಇಳಿಯಲು ಸಾಧ್ಯವಿಲ್ಲ, ನೆಲವೇ ಆ ಎತ್ತರಕ್ಕಿಂತ ಮೇಲಿರುತ್ತದೆ. ಹಾಗಾಗಿ ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿ ಹೋಗುತ್ತಾರೆ. ಇದರ ಮೇಲೆ ದೇಶಗಳು ತಮ್ಮ ಆಕಾಶವನ್ನು ಮುಚ್ಚುವ ತೊಂದರೆಯೂ ಇದೆ. 2022ರ ಫೆಬ್ರುವರಿಯ ನಂತರ ಯುರೋಪ್ ಮತ್ತು ಅಮೆರಿಕದ ಸಂಸ್ಥೆಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು. ಇವೆಲ್ಲಕ್ಕಿಂತ ದೊಡ್ಡದು ಗಾಳಿಯ ಪಾತ್ರ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಪೂರ್ವಕ್ಕೆ ಹೋಗುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಎದುರಿನಿಂದ ತಡೆಯುತ್ತದೆ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ಪೆಸಿಫಿಕ್ ದಾರಿಗೆ ತಿರುಗಿಸಿದಾಗ, ಹಾರುವ ದೂರ 13,900 ಕಿಲೋಮೀಟರಿನಿಂದ 15,300ಕ್ಕೆ ಏರಿತು; ಪ್ರಯಾಣದ ಅವಧಿ ಮಾತ್ರ ಸುಮಾರು ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಟಿಕೆಟ್ ಹುಡುಕುವಾಗ ದೂರದ ಅಂಕಿಯನ್ನು ಬದಿಗಿಟ್ಟು ಗಂಟೆಗಳನ್ನು ನೋಡಿ ಎಂದು ನಾನು ಹೇಳುವುದು ಇದರಿಂದಲೇ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು

ಗಂಟೆಗಳೆಂದರೂ ಒಂದೇ ಬಗೆಯವಲ್ಲ. ಮೊದಲನೆಯದು ಒಟ್ಟು ಅವಧಿ, ಅಂದರೆ ಹಾರಾಟದ ಜೊತೆಗೆ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತೂ ಸೇರಿದ್ದು. ಎರಡನೆಯದು ಒಂದೇ ಕುರ್ಚಿಯಲ್ಲಿ ಎಡೆಬಿಡದೆ ಕೂರುವ ಅತಿ ಉದ್ದದ ಅವಧಿ. ಹಿರಿಯರಿಗೆ, ಮಂಡಿನೋವು ಇರುವವರಿಗೆ, ಗರ್ಭಿಣಿಯರಿಗೆ ಇದೇ ಮೊದಲನೆಯದಾಗಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಹೇಳಿದೆ. ಆ ಸಂಭವ ಒಟ್ಟಾರೆ ಸಣ್ಣದೇ ಆದರೂ, ಮೊದಲೇ ಅಂಥ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ದಾರಿ ಆರಿಸಬೇಕು. ಮೂರನೆಯದು ವಿಮಾನ ಬದಲಿಸುವ ನಿಲ್ದಾಣದ ಸ್ವಭಾವ ಮತ್ತು ಅಲ್ಲಿ ಸಿಗುವ ಬಿಡುವು. ನಾಲ್ಕನೆಯದು ಕಾಗದಪತ್ರ, ಅದರಲ್ಲೂ ನಡುದಾರಿಯ ದೇಶದಲ್ಲಿ ವಿಮಾನ ಬದಲಿಸಲು ಬೇಕಾಗಬಹುದಾದ ಟ್ರಾನ್ಸಿಟ್ ವೀಸಾ. ಐದನೆಯದು ಹಣ ಮತ್ತು ಲಗೇಜು. ಕೊನೆಯದು, ಏನಾದರೂ ಎಡವಟ್ಟಾದರೆ ಯಾರು ಹೊಣೆ ಎಂಬುದು.

ಈ ಕೊನೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಎಲ್ಲ ದಾರಿಗಳಿಗೂ ಅನ್ವಯಿಸುತ್ತದೆ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್ ಇದ್ದವರನ್ನು ಮುಂದಿನ ವಿಮಾನಕ್ಕೆ ಸೇರಿಸುವ ಹೊಣೆ ಸಂಸ್ಥೆಯದು. ಎರಡು ಬೇರೆ ಟಿಕೆಟ್ ಕೊಂಡವರು ಎರಡನೆಯದನ್ನು ಹೊಸದಾಗಿ ಕೊಳ್ಳಬೇಕಾಗುತ್ತದೆ. ಐದಾರು ಸಾವಿರ ಉಳಿಸಲು ಹೋಗಿ ಬಿಡಿ ಟಿಕೆಟ್ ಕೊಳ್ಳುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ನೇರ ವಿಮಾನ

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಹಾದು, ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಅದನ್ನು ಹಾರಿಸಿದ ಪೈಲಟ್‌ಗಳೆಲ್ಲ ಮಹಿಳೆಯರು. ಅಂದು ಈ ಎರಡು ಊರುಗಳ ನಡುವೆ ಹದಿನೇಳು ಗಂಟೆಯ ಆಸುಪಾಸಿನ ತಡೆರಹಿತ ಸಂಪರ್ಕ ಶುರುವಾದಾಗ ಇಲ್ಲಿಯೂ ಅಲ್ಲಿಯೂ ಎಷ್ಟೋ ಮನೆಗಳಲ್ಲಿ ಸಂತೋಷಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಈ ವ್ಯವಸ್ಥೆ ಎಡೆಬಿಡದೆ ನಡೆದಿಲ್ಲ; ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಆದ್ದರಿಂದ ನೀವು ಹೊರಡುವ ತಿಂಗಳ ವೇಳಾಪಟ್ಟಿಯಲ್ಲಿ ಅದು ಇದೆಯೇ, ವಾರದಲ್ಲಿ ಯಾವ ದಿನಗಳಂದು ಇದೆ ಎಂಬುದನ್ನು ನೋಡಿಕೊಂಡೇ ಮುಂದಿನ ಯೋಚನೆ ಮಾಡಬೇಕು. ಇನ್ನೊಂದು ಎಚ್ಚರಿಕೆ ಪದದ ವಿಷಯದಲ್ಲಿ: ‘ಡೈರೆಕ್ಟ್’ ಎಂದು ಬರೆದಿದ್ದರೆ ವಿಮಾನದ ಸಂಖ್ಯೆ ಒಂದೇ ಎಂದು ಮಾತ್ರ ಅರ್ಥ, ನಡುವೆ ಎಲ್ಲಾದರೂ ಇಳಿಯಬಹುದು. ಎಲ್ಲಿಯೂ ಇಳಿಯದಿರುವುದು ‘ನಾನ್‌ಸ್ಟಾಪ್’ ಮಾತ್ರ.

ನೇರ ವಿಮಾನದ ಲಾಭ ಸ್ಪಷ್ಟ. ಬೇರೆ ಯಾವ ದಾರಿಗೂ ಇಲ್ಲದ ಕಡಿಮೆ ಅವಧಿ, ತಪ್ಪಿಹೋಗಲು ಎರಡನೆಯ ವಿಮಾನವೇ ಇಲ್ಲದ ನಿಶ್ಚಿಂತೆ, ಲಗೇಜು ದಾರಿ ತಪ್ಪುವ ಭಯ ಕಡಿಮೆ, ಭಾಷೆಯ ತೊಡಕಿಲ್ಲ. ನಷ್ಟವೂ ಅಷ್ಟೇ ಸ್ಪಷ್ಟ: ಹದಿನಾರು ಹದಿನೇಳು ಗಂಟೆ ಇಕಾನಮಿ ಕುರ್ಚಿಯಲ್ಲಿ ಕೂರುವುದು ಎಲ್ಲರ ದೇಹಕ್ಕೂ ಆಗುವ ಮಾತಲ್ಲ, ದರವೂ ಸಾಮಾನ್ಯವಾಗಿ ಮೇಲಿರುತ್ತದೆ. ಎರಡು ವಾರದ ಕೆಲಸಕ್ಕೆ ಹೋಗುವ, ಕಚೇರಿಯೇ ಟಿಕೆಟ್ ಕೊಡಿಸುವ ಎಂಜಿನಿಯರ್‌ಗೆ ಇದಕ್ಕಿಂತ ಒಳ್ಳೆಯದಿಲ್ಲ. ಇಂಗ್ಲಿಷ್ ಬಾರದ, ಆದರೆ ಆರೋಗ್ಯವಾಗಿರುವ, ಒಂಟಿಯಾಗಿ ಹೊರಟ ತಾಯಿಗೂ ಇದೇ ಸರಿ. ಅದೇ ತಾಯಿಗೆ ಕಾಲು ಊದುವ ತೊಂದರೆ ಇದ್ದರೆ ನಾನು ಬೇರೆ ಮಾತು ಹೇಳುತ್ತೇನೆ.

ದೆಹಲಿಯಲ್ಲಿ ಬದಲಿಸಿ ಹೋಗುವುದು ನೇರ ವಿಮಾನದ ತಂಗಿಯಿದ್ದಂತೆ. ಮೂರು ಗಂಟೆಯೊಳಗಿನ ದೇಶೀಯ ಹಾರಾಟ, ಆಮೇಲೆ ಹದಿನಾರು ಗಂಟೆಯ ಆಸುಪಾಸಿನ ಉದ್ದ ಹಾರಾಟ. ಹೋಗುವಾಗ ಇದು ಸುಲಭ. ಬರುವಾಗ ಸಾಮಾನ್ಯವಾಗಿ ದೆಹಲಿಯಲ್ಲಿಯೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆಗಳನ್ನು ಬೆಲ್ಟಿನಿಂದ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಟ್ಟು ಬರಬೇಕಾಗುತ್ತದೆ. ಇಲ್ಲಿಯೂ ಒಂದೇ ಟಿಕೆಟ್ ಮುಖ್ಯ: ಅಮೆರಿಕದ ಟಿಕೆಟ್‌ಗಳಲ್ಲಿ ತಲಾ 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುವುದೇ ಹೆಚ್ಚು, ಆದರೆ ಬಿಡಿಯಾಗಿ ಕೊಂಡ ದೇಶೀಯ ಟಿಕೆಟ್‌ನಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ. ಚಳಿಗಾಲದ ದೆಹಲಿಯ ಮಂಜನ್ನೂ ಮರೆಯಬಾರದು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಈ ದಾರಿ ಹಿಡಿಯುವವರು ನಡುವಿನ ಬಿಡುವನ್ನು ಧಾರಾಳವಾಗಿ ಇಟ್ಟುಕೊಳ್ಳಲಿ.

ಗಲ್ಫ್ ದಾರಿ

ದುಬೈ ಅಥವಾ ದೋಹಾ ಮೇಲೆ ಹೋಗುವುದು ನಮ್ಮವರಿಗೆ ಅತ್ಯಂತ ಪರಿಚಿತವಾದ ದಾರಿ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನೈದೂವರೆಯಿಂದ ಹದಿನಾರು ಗಂಟೆ. ವಿಮಾನಗಳು ಹೆಚ್ಚು, ದರದಲ್ಲಿ ಪೈಪೋಟಿಯೂ ಹೆಚ್ಚು, ನಿಲ್ದಾಣದಲ್ಲಿ ಹಿಂದಿ, ಮಲಯಾಳಂ, ಕೆಲವೊಮ್ಮೆ ಕನ್ನಡವೂ ಕಿವಿಗೆ ಬೀಳುತ್ತದೆ. ನಿಲ್ದಾಣದ ಹೊರಗೆ ಹೋಗದವರಿಗೆ ವೀಸಾ ಬೇಡ. ಬಹಳ ಜನ ಗಮನಿಸದ ಕೊರತೆ ಒಂದಿದೆ: ವಿಮಾನ ಬದಲಿಸಿದರೂ ದೇಹಕ್ಕೆ ಸಿಗುವ ವಿಶ್ರಾಂತಿ ಅಷ್ಟಕ್ಕಷ್ಟೇ. ಪ್ರಯಾಣ ನಾಲ್ಕು ಮತ್ತು ಹದಿನಾರು ಎಂದು ಒಡೆಯುವುದರಿಂದ ಅತಿ ಉದ್ದದ ಕೂರುವಿಕೆ ನೇರ ವಿಮಾನದಷ್ಟೇ ಉಳಿಯುತ್ತದೆ. ಅಲ್ಲದೆ ಬೆಂಗಳೂರು ಬಿಡುವ ಹೊತ್ತು ಬಹುಪಾಲು ನಡುರಾತ್ರಿ ಇಲ್ಲವೇ ಬೆಳಗಿನ ಜಾವ. ಅಂದರೆ ಮೊದಲ ರಾತ್ರಿಯ ನಿದ್ದೆ ಹೊರಡುವ ಮೊದಲೇ ಹೋಯಿತು. 2025ರ ಜೂನ್‌ನಲ್ಲಿ ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ಅಸಂಖ್ಯ ಪ್ರಯಾಣಿಕರು ನಡುದಾರಿಯಲ್ಲಿ ಉಳಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಭಾಗದಲ್ಲಿ ಉದ್ವಿಗ್ನತೆ ಇರುವ ದಿನಗಳಲ್ಲಿ ಹಣ ಹಿಂತಿರುಗಿಸುವ ಷರತ್ತು ಇರುವ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಡುವುದು ಜಾಣತನ.

ಬಿಗಿಯಾದ ಬಜೆಟ್‌ನ ವಿದ್ಯಾರ್ಥಿಗೆ, ಗಟ್ಟಿಮುಟ್ಟಾದ ದೇಹ ಇರುವವರಿಗೆ ನಾನು ಮೊದಲು ನೋಡಿ ಎನ್ನುವುದು ಈ ದಾರಿಯನ್ನೇ.

ಯುರೋಪ್ ದಾರಿ

ಕಿಲೋಮೀಟರ್ ಲೆಕ್ಕದಲ್ಲಿ ಉದ್ದವಾದರೂ ಯುರೋಪ್ ದಾರಿಗೆ ಒಂದು ದೊಡ್ಡ ಗುಣವಿದೆ: ಅದು ಪ್ರಯಾಣವನ್ನು ಹೆಚ್ಚುಕಡಿಮೆ ಸರಿಪಾಲು ಮಾಡುತ್ತದೆ. ಫ್ರಾಂಕ್‌ಫರ್ಟ್‌ಗೆ ಒಂಬತ್ತೂವರೆಯಿಂದ ಹತ್ತು ಗಂಟೆ, ಅಲ್ಲಿಂದ ಹನ್ನೊಂದೂವರೆ. ಲಂಡನ್‌ಗೆ ಹತ್ತು ಗಂಟೆಯ ಮೇಲೆ, ಅಲ್ಲಿಂದ ಹನ್ನೊಂದು. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳ ಲೆಕ್ಕವೂ ಇದಕ್ಕೆ ಹತ್ತಿರವೇ. ನಡುವೆ ಮೂರು ಗಂಟೆ ನಡೆದಾಡಿ, ಮುಖ ತೊಳೆದು, ಬಿಸಿಯಾಗಿ ಏನಾದರೂ ಕುಡಿದು ಮುಂದಿನ ವಿಮಾನ ಹತ್ತಿದರೆ, ಅರವತ್ತು ದಾಟಿದ ದೇಹಕ್ಕೆ ಅದರ ಬೆಲೆ ಏನೆಂದು ತಿಳಿಯುತ್ತದೆ. ಕಾಲು ಊದುವ ತಾಯಿಗೆ ಬೇರೆ ಮಾತು ಹೇಳುತ್ತೇನೆ ಎಂದದ್ದು ಇದನ್ನೇ. ಒಟ್ಟು ಅವಧಿ ಇಪ್ಪತ್ತನಾಲ್ಕು ಗಂಟೆಯ ಆಸುಪಾಸಿಗೆ ಏರಿದರೂ ಒಂದು ಕೂರುವಿಕೆ ಹನ್ನೆರಡು ಗಂಟೆ ಮೀರುವುದಿಲ್ಲ.

ತೊಡಕಿರುವುದು ಕಾಗದಪತ್ರದಲ್ಲಿ. ಯುರೋಪಿನ ಹಲವು ದೇಶಗಳ ನಿಲ್ದಾಣಗಳಲ್ಲಿ ಮತ್ತು ಲಂಡನ್‌ನಲ್ಲಿ ಭಾರತದ ಪಾಸ್‌ಪೋರ್ಟ್‌ನವರಿಗೆ ಟ್ರಾನ್ಸಿಟ್ ವೀಸಾದ ನಿಯಮಗಳಿವೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಪಾಸ್‌ಪೋರ್ಟ್‌ನಲ್ಲಿದ್ದರೆ ಸಾಮಾನ್ಯವಾಗಿ ವಿನಾಯಿತಿ ಸಿಗುತ್ತದೆ. ಆದ್ದರಿಂದ ಹೋಗುವಾಗ ಹೆಚ್ಚಿನವರಿಗೆ ತೊಂದರೆಯಿಲ್ಲ. ಸಿಕ್ಕಿಕೊಳ್ಳುವವರು ಅಮೆರಿಕದಲ್ಲಿ ಕೆಲಸದಲ್ಲಿದ್ದು, ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪಿನ ಅವಧಿ ಮುಗಿದು, ಹೊಸದನ್ನು ಹಾಕಿಸಿಕೊಳ್ಳಲು ಊರಿಗೆ ಬರುವವರು. ಅವರು ಟಿಕೆಟ್ ಕೊಳ್ಳುವ ಮೊದಲೇ ಆಯಾ ದೇಶದ ರಾಯಭಾರ ಕಚೇರಿಯ ಅಂದಿನ ನಿಯಮವನ್ನು ಓದಬೇಕು, ಇಲ್ಲವೇ ಏಷ್ಯಾದ ದಾರಿಯನ್ನು ಹಿಡಿಯಬೇಕು. ಇನ್ನು ಯುರೋಪಿನ ಮೇಲೆ ಹೋಗಿ ನ್ಯೂಯಾರ್ಕ್ ಅಥವಾ ಶಿಕಾಗೋದಲ್ಲಿ ಮತ್ತೊಮ್ಮೆ ಬದಲಿಸುವ ಅಗ್ಗದ ಟಿಕೆಟ್‌ಗಳು ಕಾಣಿಸುತ್ತವೆ. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಆಗಿ, ಪೆಟ್ಟಿಗೆ ತೆಗೆದು ಮತ್ತೆ ಕೊಡಬೇಕಾದ್ದರಿಂದ ಹಿರಿಯರನ್ನು ಆ ದಾರಿಗೆ ಹಾಕಬೇಡಿ.

ಪೂರ್ವದ ದಾರಿಗಳು

ನಮ್ಮವರು ಕಡಿಮೆ ಯೋಚಿಸುವ, ನನ್ನ ಮಟ್ಟಿಗೆ ಹೆಚ್ಚು ಯೋಚಿಸಬೇಕಾದ ದಾರಿಗಳಿವು. ಟೋಕಿಯೋದ ನರಿತಾಕ್ಕೆ ಎಂಟು ಗಂಟೆ, ಅಲ್ಲಿಂದ ಗಾಳಿಯ ಬೆಂಬಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಒಂಬತ್ತೂವರೆ ಗಂಟೆ. ಒಟ್ಟು ಹಾರಾಟ ಹದಿನೇಳೂವರೆ ಗಂಟೆ, ನೇರ ವಿಮಾನಕ್ಕಿಂತ ಸ್ವಲ್ಪವೇ ಹೆಚ್ಚು. ಒಂದು ಕೂರುವಿಕೆ ಹತ್ತು ಗಂಟೆಯನ್ನೂ ಮುಟ್ಟುವುದಿಲ್ಲ. ಅಂಕಿಗಳಲ್ಲಿ ಇದಕ್ಕೆ ಸಮನಾದ ದಾರಿ ಇನ್ನೊಂದಿಲ್ಲ. ಆದರೆ ವಿಮಾನಗಳ ಸಂಖ್ಯೆ ಗಲ್ಫ್‌ನಷ್ಟಿಲ್ಲದ ಕಾರಣ ನಡುವಿನ ಕಾಯುವಿಕೆ ಉದ್ದವಾಗಬಹುದು. ಟೋಕಿಯೋಗೆ ನರಿತಾ ಮತ್ತು ಹನೇದಾ ಎಂಬ ಎರಡು ನಿಲ್ದಾಣಗಳಿವೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಕೊಂಡರೆ ಜಪಾನಿನ ವೀಸಾ ಬೇಕಾಗುತ್ತದೆ. ಹಾಂಗ್‌ಕಾಂಗ್ ದಾರಿಯಲ್ಲಿ ಐದೂವರೆಯಿಂದ ಆರು ಗಂಟೆ, ಆಮೇಲೆ ಹನ್ನೆರಡೂವರೆ. ಸಿಂಗಪುರದ ದಾರಿ ಹಾರಾಟದಲ್ಲಿ ಉದ್ದ, ಅಲ್ಲಿಂದ ಹದಿನೈದು ಗಂಟೆಯ ಒಂದೇ ಓಟ. ಆದರೂ ಬದಲಿಸುವ ನಿಲ್ದಾಣಗಳ ಪೈಕಿ ಚಾಂಗಿಯಷ್ಟು ಸುಲಭವಾದದ್ದು, ಮಕ್ಕಳಿಗೂ ಹಿತವಾದದ್ದು ಬೇರೊಂದನ್ನು ನಾನು ಕಂಡಿಲ್ಲ. ಚಿಕ್ಕ ಮಕ್ಕಳೊಂದಿಗೆ ಹೋಗುವ ಕುಟುಂಬಕ್ಕೆ ಅದು ಯೋಗ್ಯ.

ಪೂರ್ವದ ದಾರಿಯಲ್ಲಿ ಸಸ್ಯಾಹಾರಿಗಳು ಊಟದ ವಿಷಯವನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಟಿಕೆಟ್ ಕೊಂಡ ಕೂಡಲೇ, ತಡವೆಂದರೆ ಹೊರಡುವ ಒಂದೆರಡು ದಿನ ಮೊದಲು, ‘ಎವಿಎಂಎಲ್’ ಎಂಬ ಸಂಕೇತದ ಭಾರತೀಯ ಸಸ್ಯಾಹಾರಿ ಊಟವನ್ನು ಎರಡೂ ವಿಮಾನಗಳಿಗೆ ಬರೆಸಿ. ದಾರಿ ಯಾವುದಾದರೂ ಇನ್ನೊಂದು ಮಾತು: ಅಮೆರಿಕದ ವಿಮಾನಗಳಲ್ಲಿ ಕೈಚೀಲದ ಪುಡಿ ಪದಾರ್ಥ 350 ಮಿಲಿಲೀಟರ್ ಅಳತೆ ಮೀರಿದರೆ ಹೆಚ್ಚಿನ ತಪಾಸಣೆಗೆ ಒಳಗಾಗಬಹುದು, ತೆಗೆದಿರಿಸಲೂಬಹುದು. ಚಟ್ನಿಪುಡಿಯನ್ನೂ ಸಾರಿನಪುಡಿಯನ್ನೂ ದೊಡ್ಡ ಪೆಟ್ಟಿಗೆಗೇ ಹಾಕಿ.

ಬಿಡುವು, ಬೆಲೆ, ಗಡಿಯಾರ

ನಡುವಿನ ಬಿಡುವು ಎಷ್ಟಿರಬೇಕು? ನನ್ನ ತಾಯಿಯನ್ನು ಒಮ್ಮೆ ಎಪ್ಪತ್ತೈದು ನಿಮಿಷದ ಬಿಡುವಿನ ಟಿಕೆಟ್‌ನಲ್ಲಿ ಕಳಿಸಿದ್ದೆ. ಮೊದಲ ವಿಮಾನ ನಲವತ್ತು ನಿಮಿಷ ತಡವಾಯಿತು, ವೀಲ್‌ಚೇರ್ ಬರುವುದು ಇನ್ನೂ ತಡವಾಯಿತು, ಅವರು ಗೇಟ್ ತಲುಪುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಒಂದೇ ಟಿಕೆಟ್ ಆದದ್ದರಿಂದ ಮಾರನೆಯ ದಿನದ ವಿಮಾನ ಸಿಕ್ಕಿತು, ಆದರೆ ಆ ರಾತ್ರಿ ಅವರು ಪಟ್ಟ ಗಾಬರಿಗೆ ನಾನೇ ಕಾರಣ ಎಂಬ ನೋವು ಇನ್ನೂ ಹೋಗಿಲ್ಲ. ಅಂದಿನಿಂದ ವೀಲ್‌ಚೇರ್ ಕೇಳಿದವರಿಗೆ ಮೂರು ಗಂಟೆ, ಉಳಿದವರಿಗೆ ಎರಡು ಗಂಟೆ ಎಂಬುದು ನನ್ನ ಕನಿಷ್ಠ ಲೆಕ್ಕ. ಆರು ಗಂಟೆ ಮೀರಿದರೆ ಬಿಡುವು ವಿಶ್ರಾಂತಿಯಾಗಿ ಉಳಿಯದೆ ಆಯಾಸವಾಗುತ್ತದೆ.

ಬೆಲೆಯನ್ನು ಹೋಲಿಸುವಾಗ ಎರಡು ಟಿಕೆಟ್‌ಗಳ ವ್ಯತ್ಯಾಸವನ್ನು ಉಳಿಯುವ ಗಂಟೆಗಳಿಂದ ಭಾಗಿಸಿ ನೋಡಿ. ಉದಾಹರಣೆಗೆ ಇಪ್ಪತ್ತು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಐದು ಗಂಟೆ ಉಳಿದರೆ, ಗಂಟೆಗೆ ನಾಲ್ಕು ಸಾವಿರ. ರಜೆ ದಿನಗಳನ್ನು ಎಣಿಸಿ ಬರುವ ಉದ್ಯೋಗಿಗೆ ಅದು ದುಬಾರಿಯಲ್ಲದಿರಬಹುದು. ಆರು ತಿಂಗಳು ಇರಲು ಹೋಗುವ ತಂದೆತಾಯಿಗೆ ಗಂಟೆಗಳಿಗಿಂತ ಸುಖವೇ ಮುಖ್ಯ, ಅವರ ಹಣ ಹೆಚ್ಚು ಕಾಲು ಚಾಚುವ ಕುರ್ಚಿಗೆ ಹೋಗಲಿ. ಮೇಯಿಂದ ಆಗಸ್ಟ್‌ವರೆಗೆ ಮತ್ತು ಡಿಸೆಂಬರ್‌ನಲ್ಲಿ ಎಲ್ಲ ದಾರಿಗಳೂ ದುಬಾರಿ. ಫೆಬ್ರುವರಿ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ದಾರಿ ಆರಿಸುವ ಸ್ವಾತಂತ್ರ್ಯ ಹೆಚ್ಚು.

ಗಡಿಯಾರದ ಲೆಕ್ಕವನ್ನೂ ಹಾಕಬೇಕು. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಹಿಂದಿದೆ. ಜನವರಿಯ ಒಂದು ಬೆಳಗಿನ ನಾಲ್ಕಕ್ಕೆ ಇಲ್ಲಿಂದ ಹೊರಟು ಒಟ್ಟು ಇಪ್ಪತ್ತಮೂರು ಗಂಟೆ ಪ್ರಯಾಣ ಮಾಡಿದವರು ಅಲ್ಲಿ ಅದೇ ದಿನ ಮಧ್ಯಾಹ್ನ ಒಂದೂವರೆಗೆ ಇಳಿಯುತ್ತಾರೆ. ಬರುವಾಗ ಶುಕ್ರವಾರ ಸಂಜೆ ನಾಲ್ಕಕ್ಕೆ ಹೊರಟವರು ಇಪ್ಪತ್ತೆರಡು ಗಂಟೆಯ ನಂತರ ದೇವನಹಳ್ಳಿಯಲ್ಲಿ ಇಳಿಯುವುದು ಭಾನುವಾರ ನಸುಕಿನ ಮೂರೂವರೆಗೆ. ಮದುವೆ, ಗೃಹಪ್ರವೇಶಗಳಿಗೆ ಬರುವವರು ಈ ಕಳೆದುಹೋಗುವ ಶನಿವಾರವನ್ನು ಮರೆತು ಮುಹೂರ್ತ ತಪ್ಪಿಸಿಕೊಂಡದ್ದುಂಟು.

ಹೋಗುವ ದಾರಿಯಲ್ಲೇ ಮರಳಬೇಕೆಂಬ ನಿಯಮವೇನೂ ಇಲ್ಲ. ಹೋಗುವಾಗ ಒಂಬತ್ತೂವರೆ ಗಂಟೆ ಹಿಡಿದ ಪೆಸಿಫಿಕ್ ಹಾರಾಟ ಟೋಕಿಯೋಗೆ ಮರಳುವಾಗ ಎದುರುಗಾಳಿಯಿಂದ ಹನ್ನೊಂದು ಗಂಟೆಯಾಗುತ್ತದೆ; ಹಾಂಗ್‌ಕಾಂಗ್‌ಗೆ ಮರಳುವುದು ಹದಿನಾಲ್ಕು ಗಂಟೆ ದಾಟುತ್ತದೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೇ ಹೊರಟು ಯುರೋಪ್ ಮೇಲೆ ಬಂದರೆ ಗಾಳಿ ಮತ್ತೆ ಬೆನ್ನಿಗಿರುತ್ತದೆ: ಫ್ರಾಂಕ್‌ಫರ್ಟ್‌ಗೆ ಹನ್ನೊಂದು ಗಂಟೆಯೊಳಗೆ, ಅಲ್ಲಿಂದ ಬೆಂಗಳೂರಿಗೆ ಒಂಬತ್ತರ ಆಸುಪಾಸು. ಹೋಗುವಾಗ ಜಪಾನ್ ಏರ್‌ಲೈನ್ಸ್ ಅಥವಾ ಕ್ಯಾಥೇ ಪೆಸಿಫಿಕ್, ಬರುವಾಗ ಬ್ರಿಟಿಷ್ ಏರ್‌ವೇಸ್. ಇಲ್ಲವೇ ಹೋಗುವಾಗ ಸಿಂಗಪುರ್ ಏರ್‌ಲೈನ್ಸ್, ಬರುವಾಗ ಲುಫ್ತಾನ್ಸಾ. ಮೊದಲಿನ ಮೂರು ಒನ್‌ವರ್ಲ್ಡ್ ಎಂಬ ವಿಮಾನ ಸಂಸ್ಥೆಗಳ ಕೂಟಕ್ಕೂ ಕೊನೆಯ ಎರಡು ಸ್ಟಾರ್ ಅಲಯನ್ಸ್‌ಗೂ ಸೇರಿರುವುದರಿಂದ ಇಡೀ ಸುತ್ತನ್ನು ಒಂದೇ ಟಿಕೆಟ್‌ನಲ್ಲಿ ಬರೆಸಲು ಸಾಧ್ಯ. ಹುಡುಕುವ ತಾಣಗಳು ಇದನ್ನು ತಾವಾಗಿ ತೋರಿಸುವುದು ಅಪರೂಪ. ‘ಮಲ್ಟಿ-ಸಿಟಿ’ ಆಯ್ಕೆಯಲ್ಲಿ ಎರಡೂ ದಿಕ್ಕುಗಳನ್ನು ನೀವೇ ತುಂಬಬೇಕು, ಅಥವಾ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಪರಿಚಯದ ಟ್ರಾವೆಲ್ ಏಜೆಂಟ್ ಇದ್ದರೆ ಎದುರು ಕೂತು ಈ ದಾರಿಯ ದರವನ್ನು ಕೇಳಬೇಕು.